ಘಡಿ ಮುರಿಯದ ಸೀರೆ

ನರಗುಂದದ ನಮ್ಮ ಮನೆಯ ಕಪಾಟಿನಲ್ಲಿ ಒಂದು ಸೀರೆ ಇದೆ. ನನ್ನದಲ್ಲ. ಕಪಾಟಿನ ಬಾಗಿಲು ತೆಗೆದಾಗಲೆಲ್ಲ ಹುಳಿ ಬಂದ ಗಂಜಿಯ ವಾಸನೆ ಮೂಗಿಗೆ ಬಡಿಯುತ್ತದೆ. ನೇಕಾರರ ಮನೆಯಲ್ಲಿ ನೂಲಿಗೆ ಗಂಜಿ ಹಾಕುತ್ತಾರಲ್ಲ, ಆ ವಾಸನೆ. ಸೀರೆ ಒಮ್ಮೆ ಮೈಮೇಲೆ ಬಂದು, ಆಮೇಲೆ ನೀರು ಕಂಡಾಗ ಮಾತ್ರ ಅದು ಹೋಗುತ್ತದೆ. ನನ್ನ ಗಂಡ ಮೂಗು ಮುರಿಯುತ್ತಾನೆ. "ಎರಡ ತಿಂಗಳಾತು. ಉಟ್ಟರ ಉಡು, ಇಲ್ಲಾಂದ್ರ ಕೊಟ್ಟರ ಬಾ" ಅನ್ನುತ್ತಾನೆ. ಅವನು ಹೇಳುವುದು ಖರೇ.

ನಮ್ಮ ಕಡೆ ಒಂದು ರೂಢಿ ಇದೆ. ಆಸೆಪಟ್ಟು ತಂದ ಹೊಸ ಸೀರೆಯನ್ನು ಒಡತಿ ತಾನೇ ಮೊದಲು ಉಡುವುದಿಲ್ಲ. ಬೇಕಾದವರ ಕೈಗೆ, ಕೈಗುಣ ಚಲೋ ಇದ್ದವರ ಕೈಗೆ ಕೊಟ್ಟು "ಘಡಿ ಮುರಿದು ಕೊಡು" ಅನ್ನುತ್ತಾಳೆ. ಘಡಿ ಅಂದರೆ ಮಡಿಕೆ. ಅವರು ಒಂದು ದಿನ ಉಟ್ಟು ವಾಪಸು ಕೊಟ್ಟರೆ ಸೀರೆ ಬಾಳಿಕೆ ಬರುತ್ತದೆ, ಒಡತಿಗೂ ಒಳ್ಳೆಯದಾಗುತ್ತದೆ ಎಂದು ನಂಬಿಕೆ. ಮದುವೆಯ ಸೀರೆಗೆ ಮಾತ್ರ ಈ ಮಾತಿಲ್ಲ. ಅದರ ಘಡಿಯನ್ನು ಮದುಮಗಳೇ ಮುರಿಯಬೇಕು, ಅಕ್ಕಿಕಾಳು ಬೀಳುವ ದಿನವೇ ಮುರಿಯಬೇಕು. ಅದಕ್ಕಿಂತ ಮೊದಲು ಮುರಿದರೆ ಅಪಶಕುನ.

ಮೊನ್ನೆ ಕಸ್ತೂರಿ ಫೋನು ಮಾಡಿದ್ದಳು. "ಘಡಿ ಮುರದಿ ಏನ ಗೀತಾ?" ಎಂದು ಕೇಳಿದಳು. "ಇನ್ನೂ ಇಲ್ಲ. ಸಾಲ್ಯಾಗ ಪರೀಕ್ಷಾ ನಡದಾವು" ಎಂದೆ. "ಇರ್ಲಿ ಬಿಡು, ಗಡಿಬಿಡಿ ಏನಿಲ್ಲ" ಎಂದಳು. ಅಷ್ಟೇ ಮಾತು. ನಾನು ಫೋನು ಇಟ್ಟು, ಕಪಾಟು ತೆಗೆದು, ಸೀರೆ ಮುಟ್ಟದೆ ಮತ್ತೆ ಮುಚ್ಚಿದೆ.

ನಾನು ಒಳ್ಳೆಯವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಚಲೋ. ಇಲ್ಲವಾದರೆ ಓದುವವರು ನಡುವೆ ಎಲ್ಲೋ ಒಂದು ಕಡೆ ನನ್ನ ಪರವಾಗಿ ನೆವ ಹುಡುಕತೊಡಗುತ್ತಾರೆ. ನೆವ ಹುಡುಕುವ ಕೆಲಸವನ್ನು ನಾನೇ ಹದಿಮೂರು ವರ್ಷ ಮಾಡಿದ್ದೇನೆ, ಒಂದೂ ಸಿಕ್ಕಿಲ್ಲ.

ಅದು ನಾವು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗಿನ ಮಾತು. ನಮ್ಮೂರು ಸೂಡಿ. ಅಲ್ಲಿಂದ ಗಜೇಂದ್ರಗಡಕ್ಕೆ ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಡು ವರ್ಷ ಟಂಟಂ ಆಟೋದಲ್ಲಿ ಜೋತುಬಿದ್ದು ಕಾಲೇಜು ಕಂಡಿದ್ದೆ. ಕೊನೆಯ ವರ್ಷ ಅಪ್ಪ ಗಜೇಂದ್ರಗಡದಲ್ಲೇ ಒಂದು ಖೋಲಿ ಮಾಡಿಕೊಟ್ಟ. ಅದು ನೀಲವ್ವ ಕಾಕೂನ ಮನೆಯ ಹಿಂದಿನ ಖೋಲಿ. ಕಾಕೂ ನೇಕಾರಳು. ಗಂಡ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋದವನು, ವರ್ಷಕ್ಕೊಮ್ಮೆ ಪಂಚಮಿಗೆ ಮುಖ ತೋರಿಸುತ್ತಿದ್ದ. ಅವರ ಒಬ್ಬಳೇ ಮಗಳು ಕಸ್ತೂರಿ, ನನ್ನದೇ ತರಗತಿ. ನಾನು ಊಟಕ್ಕೂ ಅವರ ಜೊತೆಗೇ ಕೂರುತ್ತಿದ್ದೆ. ಕಾಕೂ ಮಗಳ ತಟ್ಟೆಗೆ ಹಾಕಿದಷ್ಟೇ ಬೆಣ್ಣೆಯನ್ನು ನನ್ನ ರೊಟ್ಟಿಗೂ ಹಾಕುತ್ತಿದ್ದಳು.

ಮುಂದಿನ ಪಡಸಾಲೆಯೇ ಮಗ್ಗದ ಮನೆ. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಕೆಳಗೆ ಕಾಲು ಹಲಗೆ ತುಳಿಯಬೇಕು, ಮೇಲೆ ಕೈ ಲಾಳಿ ಹೊಡೆಯಬೇಕು. ನಸುಕಿನಲ್ಲಿ ಕಾಕೂ ಕೂತರೆ, ಕಾಲೇಜು ಬಿಟ್ಟ ಮೇಲೆ ಕಸ್ತೂರಿ ಕೂರುತ್ತಿದ್ದಳು. ಹಿಂದಿನ ಖೋಲಿಯಲ್ಲಿ ನಾನು ಇತಿಹಾಸದ ನೋಟ್ಸು ಉರು ಹೊಡೆಯುವಾಗ ಆ ಸಪ್ಪಳ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಸಪ್ಪಳದ ಮೇಲೆಯೇ ಯಾರು ಕೂತಿದ್ದಾರೆಂದು ಹೇಳುವಷ್ಟಾದೆ. ಕಾಕೂನದು ಒಂದೇ ಸಮ. ಕಸ್ತೂರಿಯದು ಓಡುತ್ತಿತ್ತು, ತಡೆಯುತ್ತಿತ್ತು, ಮತ್ತೆ ಓಡುತ್ತಿತ್ತು.

ಕಾಕೂನ ತಮ್ಮ ಯಲ್ಲಪ್ಪ ಹೊಳೆಮಣ್ಣೂರಿನವನು, ಹೊಳೆದಂಡೆಯ ಹೊಲದ ರೈತ. ಕೆಟ್ಟವನಲ್ಲ, ಮಾತು ಕಡಿಮೆ. ಬಂದಾಗೊಮ್ಮೆ ಒಂದು ಚೀಲ ಜೋಳ ಇಳಿಸಿ, ಮಗ್ಗದ ಕಡೆ ನೋಡದೆ ಚಹಾ ಕುಡಿದು ಹೋಗುತ್ತಿದ್ದ. ಸೋದರಮಾವ. ಕಸ್ತೂರಿ ಹುಟ್ಟಿದಾಗಲೇ ಅವನಿಗೆಂದು ಮಾತಾಗಿತ್ತು. ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳಾದ ಕಸ್ತೂರಿಗೆ ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಸಾಲೆಯಲ್ಲಿ ಅಕ್ಕೋರಾಗುವ ಆಸೆ. ನಾನು ಆ ಖೋಲಿಗೆ ಬಂದ ವಾರದಲ್ಲೇ ಕಾಕೂ ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು ಹೇಳಿದ್ದಳು:

"ಪರೀಕ್ಷಾ ಮುಗಿಯೋತನ ಲಗ್ನದ ಮಾತ ಎತ್ತಬ್ಯಾಡ ಅಂತ ನನ್ನ ತಮ್ಮಗ ಹೇಳೇನಿ. ಮುಂದ ಕಲೀತೇನಿ ಅಂದ್ರ ಅದಕ್ಕೂ ನೋಡೂಣು. ಆದ್ರ ನಿನ್ನ ಮ್ಯಾಲ ಒಂದ, ಒಂದ ದೂರು ನನ್ನ ಬಾಗಲಿಗೆ ಬಂತಂದ್ರ, ಅವತ್ತಿಗೆ ಪುಸ್ತಕ ಮುಚ್ಚಿದಿ ಅಂತ ತಿಳಿ. ಗೀತವ್ವಾ, ನೀ ಸಾಕ್ಷಿ ಇದಕ್ಕ."

"ಹೂನ್ರಿ ಕಾಕೂ" ಎಂದಿದ್ದೆ ನಾನು.

ಆ ವರ್ಷದ ನವರಾತ್ರಿಗೆ ಪೇಟೆಯ ಬಟ್ಟೆ ಅಂಗಡಿಯವರೊಬ್ಬರು ದಾಂಡಿಯಾ ಇಟ್ಟರು. ನಮ್ಮಲ್ಲಿ ನವರಾತ್ರಿ ಅಂದರೆ ಮನೆಯಲ್ಲಿ ಘಟ ಹಾಕುವುದು, ಕೊನೆಗೆ ಬನ್ನಿ ಕೊಡುವುದು. ಕೋಲು ಹಿಡಿದು, ಲೈಟು ಹಾಕಿಸಿ, ದೊಡ್ಡ ದೊಡ್ಡ ಸ್ಪೀಕರು ಕಟ್ಟಿ ಕುಣಿಯುವುದು ಟಿವಿಯೊಳಗಿನ ಸಂಗತಿ. ಅದು ಗಜೇಂದ್ರಗಡದ ಬಯಲಿಗೇ ಬರುತ್ತದೆಂದರೆ ಕಾಲೇಜಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೊನೆಯವರೆಗೆ ಉಳಿದವರಿಗೆ ಬಹುಮಾನ ಬೇರೆ. ಆ ಬಹುಮಾನ ನನ್ನದೇ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಹಿಂದಿನ ಎರಡೂ ವರ್ಷ ಕಾಲೇಜಿನ ಗ್ಯಾದರಿಂಗಿನಲ್ಲಿ ಡ್ಯಾನ್ಸಿಗೆ ಮೊದಲ ಬಹುಮಾನ ಬೇರೆಯವರ ಕೈಗೆ ಹೋಗಿರಲಿಲ್ಲ. ನನ್ನ ಹತ್ತಿರ ಇದ್ದದ್ದೂ ಅದೊಂದೇ. ಓದಿನಲ್ಲಿ ಕಸ್ತೂರಿ ನನಗಿಂತ ಯಾವಾಗಲೂ ಮುಂದೆ.

ಕಸ್ತೂರಿಯನ್ನು ಕರೆದುಕೊಂಡು ಹೋಗುವ ಮಾತು ಎತ್ತಿದವಳು ಶಬಾನಾ. ಬಳೆ ಅಂಗಡಿಯ ಸಾಹೇಬರ ಮಗಳು, ನಮ್ಮ ಮೂರನೆಯ ಗೆಳತಿ, ಒಂದು ಹಳೆಯ ಸ್ಕೂಟಿಯ ಒಡತಿ. ಮನೆಯಲ್ಲಿ ಹೇಳಿ ಒಪ್ಪಿಸಿಕೊಂಡೇ ಬರುವಷ್ಟು ಧೈರ್ಯ ಅವಳಿಗಿತ್ತು.

"ಪಾಪ, ಆಕಿ ಮಗ್ಗ ಬಿಟ್ಟ ಏನ ನೋಡ್ಯಾಳ ಹೇಳು. ನಮ್ಮ ಮನ್ಯಾಗ ಓದಾಕ ಕುಂದರತೇವಿ ಅಂತ ಹೇಳಿ ಒಂದ ರಾತ್ರಿ ಕರಕೊಂಡ ಹೋಗೂಣು" ಎಂದಳು.

ನಾನು ಹೂಂ ಅಂದೆ. ಶಬಾನಾ ಆ ಮಾತು ಎತ್ತಿದ್ದು ಪ್ರೀತಿಗೆ. ನನ್ನ ಲೆಕ್ಕಾಚಾರ ಬೇರೆ ಇತ್ತು. ನಾವಿಬ್ಬರೂ ಕನ್ನಡಿ ಚುಕ್ಕಿಯ ಘಾಗ್ರಾ ಬಾಡಿಗೆಗೆ ತಂದಿದ್ದೆವು. ಕಸ್ತೂರಿಗೆ ಇದ್ದದ್ದು ಎರಡು ಚೂಡಿದಾರ. ಅಂಥವು ಹಾಕಿಕೊಂಡರೆ ಒಳಗೆ ಬಿಡುವುದಿಲ್ಲ ಎಂದು ಬೋರ್ಡು ಹಾಕಿದ್ದರು. ಆಗ ನಾನು ಹೇಳಿದೆ, "ನಿಮ್ಮವ್ವ ನೇದ ಸೀರಿ ಟ್ರಂಕಿನ್ಯಾಗ ಐತೆಲ್ಲ. ಅದನ್ನ ಉಡು." ಕೆಂಪು ಒಡಲಿನ, ಹಸಿರು ದಡದ, ತೋಳುದ್ದದ ದಪ್ಪ ಸೆರಗಿನ ಆ ಸೀರೆಯಲ್ಲಿ ಅವಳು ನನ್ನ ಪಕ್ಕ ನಿಂತರೆ ನಮ್ಮ ಅತ್ತೆಯ ಹಾಗೆ ಕಾಣುತ್ತಾಳೆ, ನಾನು ಇನ್ನಷ್ಟು ಎದ್ದು ಕಾಣುತ್ತೇನೆ ಎಂಬುದು ನನ್ನ ಎಣಿಕೆ. ನಗಬೇಡಿ. ಇಪ್ಪತ್ತರ ಹುಡುಗಿಯ ಹೊಟ್ಟೆಯಲ್ಲಿ ಇಂಥವೆಲ್ಲ ಇರುತ್ತವೆ.

ಕಸ್ತೂರಿಯ ಮುಖ ಬಿಳಚಿಕೊಂಡಿತು. ಅದು ಅವಳ ಮದುವೆಗೆಂದು ಕಾಕೂ ನೇಯ್ದ ಸೀರೆ. ನೂಲು ಕೊಟ್ಟು ನೇಯಿಸುವ ಸಾವಕಾರರ ಒಂದು ಹಾಸು, ಅಂದರೆ ಮಗ್ಗಕ್ಕೆ ಕಟ್ಟುವ ಉದ್ದನೂಲು, ಮುಗಿದು ಇನ್ನೊಂದು ಬರುವ ನಡುವಿನ ಖಾಲಿ ದಿನಗಳಲ್ಲಿ, ಆರು ತಿಂಗಳು ಹಿಡಿದು ನೇಯ್ದದ್ದು.

"ಅದರ ಘಡಿ ಮುರಿಯಂಗಿಲ್ಲ" ಎಂದಳು.

"ನೇಕಾರ ಮಗಳು ನೀ. ಬಿಚ್ಚಿದ್ದನ್ನ ಮತ್ತ ಹಂಗ ಘಡಿ ಮಾಡಾಕ ನಿನಗ ಬರೂದಿಲ್ಲೇನು?"

ಅವಳು ತಡೆದು ತಡೆದು, "ಬರತೈತಿ" ಎಂದಳು. ತನ್ನ ಕೈಯ ಕೆಲಸದ ಮೇಲೆ ಅವಳಿಗಿದ್ದ ಆ ನಂಬಿಕೆಯನ್ನೇ ನಾನು ಹಿಡಿದು ಜಗ್ಗಿದ್ದೆ.

ಅಷ್ಟಮಿಯ ಸಂಜೆ ಸಣ್ಣಗೆ ಮಳೆ ಬಿದ್ದು ನಿಂತಿತ್ತು. ಹಿಂಗಾರಿನ ಮಳೆ, ಎರೆ ಹೊಲದವರೆಲ್ಲ ಬಿತ್ತನೆಯ ಗಡಿಬಿಡಿಯಲ್ಲಿದ್ದ ಹೊತ್ತು. "ಓದಾಕ ಹೊಂಟೇವ್ರಿ ಕಾಕೂ" ಎಂದು ಪುಸ್ತಕದ ಚೀಲದೊಳಗೆ ಸೀರೆ ಇಟ್ಟುಕೊಂಡು ಹೊರಟೆವು. ಶಬಾನಾಳ ಮನೆಯ ಅಟ್ಟದ ಖೋಲಿಯಲ್ಲಿ ತಯಾರಾಗಿ, ಸ್ಕೂಟಿಯ ಮೇಲೆ ಮೂವರೂ ಹತ್ತಿದೆವು. ಬಯಲಿನ ಬಾಗಿಲಲ್ಲಿ ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟು, ಬೆನ್ನ ಮೇಲೆ ಬರುವ ಹಾಗೆ ಪಿನ್ನು ಹಾಕಿಕೊಳ್ಳಲು ಹೇಳಿದರು. ಮೇಲೆ ಅಂಗಡಿಯ ಹೆಸರು, ಕೆಳಗೆ ದಾಂಡಿಯಾ ಎಂದು ಬರೆದು ದೊಡ್ಡದಾಗಿ ಒಂದು ನಂಬರು. ನನ್ನದು ನಲವತ್ತಾರು. ಕಸ್ತೂರಿಯದು ನಲವತ್ತೇಳು. ಅವಳ ಸೆರಗಿಗೆ ಪಿನ್ನು ಚುಚ್ಚಿದವಳು ನಾನೇ.

"ಸೀರಿಗೆ ತೂತ ಬೀಳತಾವ" ಎಂದಳು.

"ಸಣ್ಣ ಪಿನ್ನ, ಏನ ಆಗೂದಿಲ್ಲ ಸುಮ್ಮನಿರ" ಎಂದೆ.

ಮೊದಲ ಹತ್ತು ನಿಮಿಷ ಅವಳು ಕೋಲು ಹಿಡಿದು ಕಂಬದ ಹಾಗೆ ನಿಂತಿದ್ದಳು. ನಾನು ನಡು ವೃತ್ತದಲ್ಲಿ ಘಾಗ್ರಾ ತಿರುವಿ ತಿರುವಿ ಕುಣಿಯುತ್ತಿದ್ದೆ. ಆಮೇಲೆ ಡೋಲಿನ ಬಡಿತ ಏರಿತು. ಯಾವ ಗಳಿಗೆಯಲ್ಲಿ ಅವಳ ಕಾಲು ಅದನ್ನು ಹಿಡಿಯಿತೋ ಗೊತ್ತಾಗಲಿಲ್ಲ. ಎಡಗಾಲು, ಬಲಗಾಲು, ಕೋಲಿಗೆ ಕೋಲು, ಮತ್ತೆ ಎಡಗಾಲು. ಹತ್ತು ವರ್ಷದಿಂದ ಮಗ್ಗದ ಗುಣಿಯಲ್ಲಿ ಹಲಗೆ ತುಳಿದ ಕಾಲು ಅದು, ಲಾಳಿ ಹೊಡೆದ ಕೈ ಅದು. ನಾನು ಹಿಂದಿನ ಖೋಲಿಯಲ್ಲಿ ಕೂತು ಬೈದುಕೊಳ್ಳುತ್ತಿದ್ದ ಆ ಓಡುವ ಸಪ್ಪಳವೇ ಬಯಲಿಗೆ ಬಂದು ಕುಣಿಯತೊಡಗಿತ್ತು. ತಾಳ ಎಷ್ಟು ಜೋರಾದರೂ ಅವಳಿಗೆ ಅದು ದಿನದ ಕೆಲಸ. ಒಂದು ಹೆಜ್ಜೆ ತಪ್ಪಲಿಲ್ಲ. ಆ ದಪ್ಪ ಸೆರಗು ಅವಳು ತಿರುಗಿದಾಗೊಮ್ಮೆ ಬೆನ್ನ ಮೇಲೆ ಹಾರಿ ಬೀಳುತ್ತಿತ್ತು. ಅವಳು ನಗುತ್ತಿದ್ದಳು. ಬಾಯಿ ತೆರೆದು, ಹಲ್ಲು ಕಾಣುವ ಹಾಗೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮೈಕಿನವನು ಒಂದೊಂದೇ ನಂಬರು ಕರೆದು ಹೊರಗೆ ಕಳಿಸತೊಡಗಿದ. ಶಬಾನಾ ಬೇಗ ಹೋಗಿ, ಮಂಡಕ್ಕಿ ಮಿರ್ಚಿ ತಿನ್ನುತ್ತ ನಿಂತಳು. ಹನ್ನೆರಡು ಮಂದಿ ಉಳಿದಾಗ ನನ್ನ ಹೆಜ್ಜೆ ತಪ್ಪಿ, ಪಕ್ಕದವಳ ಕೈಗೆ ನನ್ನ ಕೋಲು ಬಡಿಯಿತು.

"ನಂಬರ ನಲವತ್ತಾರು, ದಯಮಾಡಿ ಹೊರಗ ಬರ್ರಿ" ಎಂದ ಮೈಕಿನವನು. ನಾನು ಕೇಳದವಳ ಹಾಗೆ ಕುಣಿದೆ. ಅವನು ಮತ್ತೆ ಕರೆದ. "ನಲವತ್ತಾರು ತಂಗಿ, ನಿಮಗ ಹೇಳಾಕತ್ತಿದ್ದು." ನಮ್ಮ ಕಾಲೇಜಿನ ಹುಡುಗರೆಲ್ಲ ನಕ್ಕರು. ಹೊರಗೆ ಬಂದು ನಿಂತೆ. ಒಳಗೆ ಅವಳು ಕುಣಿಯುತ್ತಲೇ ಇದ್ದಳು, ಜನ "ನಲವತ್ತೇಳು, ನಲವತ್ತೇಳು" ಎಂದು ಚಪ್ಪಾಳೆ ಹೊಡೆಯುತ್ತಿತ್ತು. ಅವಳಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಅದಕ್ಕೆ ಬೇರೆ ಹೆಸರಿಲ್ಲ, ಹೊಟ್ಟೆಕಿಚ್ಚು.

ಅಟ್ಟಕ್ಕೆ ವಾಪಸು ಬಂದೆವು. ಗಡಿಯಾರವನ್ನು ಮನೆಗೆ ಒಯ್ಯುವಂತಿರಲಿಲ್ಲ, ಶಬಾನಾ ತನ್ನ ಹತ್ತಿರ ಇಟ್ಟುಕೊಂಡು ನೀರು ತರಲು ಕೆಳಗೆ ಹೋದಳು. ಕಸ್ತೂರಿ ಬೆವರು ಒರೆಸಿಕೊಂಡು, ಸೀರೆ ಬಿಚ್ಚಿ, ಗಾಳಿಗೆ ಆರಿಸಿ, "ಬಾ, ಹಿಡಿ" ಎಂದಳು.

ಹೊಸ ಸೀರೆಯ ಘಡಿ ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಒಬ್ಬರು ಸೆರಗಿನ ತುದಿ ಹಿಡಿಯಬೇಕು, ಇನ್ನೊಬ್ಬರು ಒಳತುದಿ. ಎದುರು ಬದುರು ನಿಂತು ಜಗ್ಗಿ, ಅಂಚಿಗೆ ಅಂಚು ಕೂಡಿಸಬೇಕು. ಒಳತುದಿ ಹಿಡಿದವಳು ನಡೆದು ಬಂದು ಕೂಡಿಸುತ್ತ ಹೋಗಬೇಕು. ಸೆರಗು ಕೆಡಬಾರದೆಂದು ಅದನ್ನು ಒಳಗೆ ಮಾಡಿ ಮೊದಲ ಮಡಿಕೆ ಹಾಕುವವಳು ಸೆರಗು ಹಿಡಿದವಳು. ಆ ರಾತ್ರಿ ಸೆರಗಿನ ತುದಿ ನನ್ನ ಕೈಯಲ್ಲಿತ್ತು. ಎದುರು ಗೋಡೆಯ ಹತ್ತಿರ ಒಳತುದಿ ಹಿಡಿದು ಕಸ್ತೂರಿ ನಿಂತಿದ್ದಳು. ನಡುವೆ ಒಂದು ಮಂದ ಬಲ್ಬು.

ಚೀಟಿ ಅಲ್ಲೇ ಇತ್ತು. ಪಿನ್ನಿನ ಸಮೇತ, ನನ್ನ ಹೆಬ್ಬೆರಳಿನ ಪಕ್ಕದಲ್ಲಿ.

"ಗೀತಾ, ಬೆನ್ನಿಗಿ ಚೀಟಿ ಹಚ್ಚಿದ್ದಿ ಅಲ್ಲ, ಅದನ್ನ ತಗದಿ ಏನ?" ಎಂದು ಅವಳು ಆ ತುದಿಯಿಂದ ಕೇಳಿದಳು.

"ಅಲ್ಲೇ ಗ್ರೌಂಡಿನ್ಯಾಗ ಕಿತ್ತ ಒಗದೆ" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಯೋಚಿಸಿ ಹೇಳಿದ್ದಲ್ಲ. ಆದರೆ ನೋಡಿಯೇ ಹೇಳಿದ್ದು. ಸೆರಗನ್ನು ಒಳಗೆ ಮಾಡಿ ಮಡಿಕೆ ಹಾಕಿದೆ, ಚೀಟಿ ಕಾಣದಂತಾಯಿತು. ಅವಳು ಬಂದು ಮೇಲಿನ ಮಡಿಕೆಗಳನ್ನು ಅಂಗೈಯಿಂದ ಒತ್ತಿ ಒತ್ತಿ, ಮೊದಲಿದ್ದ ಗೆರೆಗೇ ಗೆರೆ ಕೂಡಿಸಿದಳು. ಎಷ್ಟು ಚಂದ ಮಾಡಿದಳೆಂದರೆ ಕಾಕೂಗೂ ಗುರುತು ಸಿಗುತ್ತಿರಲಿಲ್ಲ. ಮರುದಿನ ಕಾಕೂ ಸಾವಕಾರರ ಮನೆಗೆ ನೂಲು ತರಲು ಹೋದ ಹೊತ್ತಿಗೆ ಸೀರೆ ಟ್ರಂಕಿನಲ್ಲಿ ತನ್ನ ಜಾಗಕ್ಕೆ ಸೇರಿತು. ಕಸ್ತೂರಿ ನಿಟ್ಟುಸಿರು ಬಿಟ್ಟು, ನನ್ನ ಗಲ್ಲ ಹಿಂಡಿ, "ಬದುಕಿದೆ ಲೇ" ಎಂದಳು.

ಅಲ್ಲಿಂದ ದೀಪಾವಳಿಗೆ ಮೂರು ವಾರ. ದೀಪಾವಳಿಯ ಅಮಾಸೆಗೆ ಲಕ್ಷ್ಮಿಯ ಮುಂದೆ ಆ ಸೀರೆ ಇಡುತ್ತಾರೆ, ಇದು ನನಗೆ ಗೊತ್ತಿತ್ತು. ಹೋದ ವರ್ಷವೂ ಇಟ್ಟಿದ್ದರೆಂದು ಕಸ್ತೂರಿಯೇ ಹೇಳಿದ್ದಳು. ಮೂರು ವಾರದಲ್ಲಿ ಇಪ್ಪತ್ತು ಸಲ ಹೇಳಬಹುದಿತ್ತು. ಒಟ್ಟಿಗೆ ಉಣ್ಣುತ್ತಿದ್ದೆವು, ಒಟ್ಟಿಗೆ ನಡೆದು ಕಾಲೇಜಿಗೆ ಹೋಗುತ್ತಿದ್ದೆವು. ಕಾಲೇಜಿನಲ್ಲಿ ಹುಡುಗಿಯರು ಅವಳನ್ನು ಗುಟ್ಟಾಗಿ "ನಲವತ್ತೇಳು" ಎಂದು ಕರೆಯುತ್ತಿದ್ದರು, ಅವಳು ಕೆಂಪಾಗುತ್ತಿದ್ದಳು. ಇವತ್ತು ಹೇಳುತ್ತೇನೆ ಅಂದುಕೊಂಡು ಹೊರಟ ದಿನವೇ ಯಾರಾದರೂ ಹಾಗೆ ಕರೆಯುತ್ತಿದ್ದರು. ನಾನು ನಾಳೆಗೆ ಹಾಕುತ್ತಿದ್ದೆ.

ಮಳೆ ಬಿಡಲೇ ಇಲ್ಲ ಆ ಸಲ. ತಂಪಿಗೆ ನೂಲು ಸಡಿಲಾಗಿ ಮಗ್ಗ ನಿಲ್ಲುತ್ತಿತ್ತು, ಗಂಜಿ ಹಾಕಿದ ಹಾಸು ಆರುತ್ತಿರಲಿಲ್ಲ, ಇಡೀ ಮನೆ ಹುಳಿ ನಾತ ಹೊಡೆಯುತ್ತಿತ್ತು. ಅಂಥ ಒಂದು ಮಧ್ಯಾಹ್ನ ತಾಯಿ ಮಗಳು ಇಬ್ಬರೂ ರೋಣಕ್ಕೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಟ್ರಂಕಿಗೆ ಬೀಗವಿರಲಿಲ್ಲ. ಮುಚ್ಚಳ ಎತ್ತಿ, ಸೀರೆಯ ಮಡಿಕೆಯೊಳಗೆ ಕೈ ಹಾಕಿದೆ. ಚೀಟಿಯ ಮೂಲೆ ಬೆರಳಿಗೆ ತಗಲಿತು. ಪಿನ್ನು ತಣ್ಣಗಿತ್ತು. ಬಿಚ್ಚಿ ತೆಗೆಯಲು ಅರ್ಧ ನಿಮಿಷ ಸಾಕಿತ್ತು. ಅದರ ಹಿಂದಿನ ದಿನ ಕಿರುಪರೀಕ್ಷೆಯ ಅಂಕ ಕೊಟ್ಟಿದ್ದರು, ಅವಳೇ ಮೊದಲು. ಕೈ ಹೊರಗೆ ತೆಗೆದು ಮುಚ್ಚಳ ಹಾಕಿದೆ. ಆಮೇಲೆ ಅಡುಗೆ ಮನೆಗೆ ಹೋಗಿ ಕಾಕೂ ಮುಚ್ಚಿಟ್ಟಿದ್ದ ಅವಲಕ್ಕಿ ತಿಂದೆ.

ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ ದೊಡ್ಡವರು. ನಾನು ಬಗೆದೂ ಬಗೆದೂ ಅಲ್ಲೇ ಉಣ್ಣುತ್ತಿದ್ದೆ.

ಅಮಾಸೆಯ ಸಂ‍ಜೆ. ಕಾಕೂ ಜಳಕ ಮಾಡಿ, ಮಗ್ಗಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಟ್ರಂಕು ತೆಗೆದಳು. ನಾನು ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದೆ. ಸೆರಗಿನ ಕಸುಬು ಲಕ್ಷ್ಮಿಗೆ ಕಾಣಲಿ ಎಂದು ಆ ವರ್ಷ ಕಾಕೂ ಒಂದು ಮಡಿಕೆಯನ್ನು ಹೊರಳಿಸಿದಳು. ಅವಳ ಕೈ ಅಲ್ಲೇ ನಿಂತಿತು. ಪಿನ್ನಿಗೆ ಜಂಗು, ಅಂದರೆ ತುಕ್ಕು, ಹಿಡಿದಿತ್ತು. ಕೆಂಪು ಸೆರಗಿನ ಮೇಲೆ ಪಿನ್ನು ಒಳಹೊಕ್ಕ ಕಡೆ ಒಂದು, ಹೊರಬಂದ ಕಡೆ ಒಂದು, ಎರಡು ಕಪ್ಪು ಕಂದು ಕಲೆ.

ಕಾಕೂ ಓದಿದವಳಲ್ಲ. ಚೀಟಿಯನ್ನು ಬಿಡಿಸಿ ನನ್ನ ಕಡೆ ಚಾಚಿದಳು.

"ಇದರಾಗ ಏನ ಬರದಾರ, ಓದ ಗೀತವ್ವಾ."

ನಾನು ಓದಿದೆ. ಅಂಗಡಿಯ ಹೆಸರು ಓದಿದೆ, ದಾಂಡಿಯಾ ಎಂದು ಓದಿದೆ, ನಲವತ್ತೇಳು ಎಂದೂ ಓದಿದೆ. ಕಸ್ತೂರಿ ಹಿತ್ತಿಲ ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದಳು.

"ಯಾವಾಗ ಹೋಗಿದ್ರಿ?" ಕಾಕೂ ಕೇಳಿದ್ದು ಮಗಳನ್ನಲ್ಲ, ನನ್ನನ್ನು. "ನೀನೂ ಹೋಗಿದ್ದಿ ಏನ?"

ಹೂಂ ಅಂದರೆ ಖೋಲಿ ಬಿಡಬೇಕು, ಸೂಡಿಗೆ ಸುದ್ದಿ ಹೋಗುತ್ತದೆ, ಅಪ್ಪ ಬಂದು ಗಂಟುಮೂಟೆ ಕಟ್ಟಿಸುತ್ತಾನೆ. ಇದಿಷ್ಟೂ ಒಂದು ಉಸಿರಿನಲ್ಲಿ ಹೊಳೆಯಿತು.

"ಇಲ್ರಿ ಕಾಕೂ. ಅಷ್ಟಮಿ ರಾತ್ರಿ ನಾವು ಓದಕೊಂತ ಕುಂತಿದ್ವಿ. ಕಸ್ತೂರಿ ತಲಿ ನೋಯಾಕತ್ತೈತಿ ಅಂತ ನಡುವ ಎದ್ದು ಕೆಳಗ ಹೋದ್ಲು. ಯಾವಾಗ ತಿರುಗಿ ಬಂದ್ಲೋ, ನನಗ ನಿದ್ದಿ ಹತ್ತಿತ್ರಿ."

ಹೀಗೆ ಒಂದು ಸುಳ್ಳಿನಿಂದ, ಗೆಳತಿಯರ ಜೊತೆ ಕುಣಿಯಲು ಹೋದ ಹುಡುಗಿಯನ್ನು ನಾನು ರಾತ್ರಿ ಒಬ್ಬಳೇ ಎದ್ದು ಹೋದ ಹುಡುಗಿಯನ್ನಾಗಿ ಮಾಡಿದೆ. ಯಾರ ಜೊತೆ ಹೋದಳು ಎಂದು ಕಾಕೂ ಕೇಳಲೂ ಇಲ್ಲ. ಕೇಳದೆ ಬಿಟ್ಟದ್ದೇ ದೊಡ್ಡದಾಯಿತು.

ಕಸ್ತೂರಿ ನನ್ನನ್ನು ನೋಡಿದಳು. ಬಹಳ ಹೊತ್ತಲ್ಲ. "ಈಕಿನೂ ಬಂದಿದ್ಲು" ಎಂದು ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಕೊಡ ಕೆಳಗಿಟ್ಟು, ಬಂದು ಸೀರೆಯ ಮೇಲಿನ ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಹೋಗಂಗಿಲ್ಲ ಅದು" ಎಂದಳು ಕಾಕೂ. "ಜಂಗಿನ ಕಲಿ. ಆರ ತಿಂಗಳ ನೇದೇನಿ." ಬೈಯಲಿಲ್ಲ, ಹೊಡೆಯಲಿಲ್ಲ. ಅದೇ ಸೀರೆಯನ್ನು ಲಕ್ಷ್ಮಿಯ ಮುಂದಿಟ್ಟು, ಪೂಜೆ ಮುಗಿಸಿ, ತಮ್ಮನಿಗೆ ಫೋನು ಮಾಡಲು ನನಗೇ ನಂಬರು ಒತ್ತಿ ಕೊಡಲು ಹೇಳಿದಳು. ನಾನು ಒತ್ತಿ ಕೊಟ್ಟೆ.

ಮೂರನೆಯ ದಿನ ಶಬಾನಾ ಬಂದಳು. ಪಡಸಾಲೆಯಲ್ಲಿ ನಿಂತು, "ಕಾಕೂ, ಕರಕೊಂಡ ಹೋದಾಕಿ ನಾನ್ರಿ. ಮೂರೂ ಮಂದಿ ಹೋಗಿದ್ವಿ, ಮೂರೂ ಮಂದಿ ಕುಣದ್ವಿ, ಮೂರೂ ಮಂದಿ ಕೂಡೇ ಬಂದ್ವಿ. ಬೇಕಾದ್ರ ನಮ್ಮ ಅಬ್ಬಾನ್ನ ಕೇಳ್ರಿ" ಎಂದಳು.

"ಗೆಳತೀನ್ನ ಉಳಸಾಕ ಹೇಳಾಕತ್ತಿ, ನಂಗ ಗೊತ್ತಾಗತೈತಿ ತಂಗಿ" ಎಂದಳು ಕಾಕೂ. "ಈ ಹುಡುಗಿ ನನ್ನ ಮನ್ಯಾಗ ಉಂಡ ಬೆಳಿಯಾಕತ್ತೈತಿ. ಅದು ಯಾಕ ಸುಳ್ಳ ಹೇಳತೈತಿ?"

ಶಬಾನಾ ನನ್ನ ಕಡೆ ತಿರುಗಿದಳು. "ಹೇಳ ಗೀತಾ" ಎಂದಳು. ನಾನು ನೆಲ ನೋಡಿದೆ. ಅವಳು ಹೊರಗೆ ಹೋಗಿ ಸ್ಕೂಟಿ ಚಾಲೂ ಮಾಡಿದ ಸಪ್ಪಳ ಕೇಳಿಸಿತು. ಅವತ್ತಿನಿಂದ ಇವತ್ತಿನವರೆಗೆ ಅವಳು ನನ್ನ ಜೊತೆ ಮಾತಾಡಿಲ್ಲ.

ತುಳಸಿ ಲಗ್ನ ಮುಗಿದ ಮೊದಲ ಮುಹೂರ್ತಕ್ಕೆ ಮದುವೆ ಆಯಿತು. ಬೇರೆ ಸೀರೆ ತರೋಣ ಎಂದು ಯಲ್ಲಪ್ಪನೇ ಹೇಳಿದ. ಕಾಕೂ ಒಪ್ಪಲಿಲ್ಲ. "ಆಕಿ ಕಲಿ ಮಾಡ್ಯಾಳ, ಆಕೀನ ಉಡಲಿ" ಎಂದಳು. ಅಕ್ಕಿಕಾಳು ಹಾಕಲು ನಾನೂ ಸಾಲಿನಲ್ಲಿ ನಿಂತಿದ್ದೆ. ಎಡ ಹೆಗಲ ಹಿಂದೆ ಆ ಎರಡು ಚುಕ್ಕೆ ಕಾಣುತ್ತಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನನ್ನ ಕೈ ನನಗೆ ಗೊತ್ತಿಲ್ಲದೆ ನನ್ನ ಹೆಗಲಿಗೆ ಹೋಗಿತ್ತು. ಶಬಾನಾ ಬಂದು ಉಡುಗೊರೆ ಕೊಟ್ಟು ಹೋದಳು. ಕಾಗದ ಸುತ್ತಿದ ಗೋಡೆ ಗಡಿಯಾರ.

ಕೊನೆಯ ಪರೀಕ್ಷೆಗೆ ಕಸ್ತೂರಿ ಕೂರಲಿಲ್ಲ. ಅವಳ ನೋಟ್ಸು ನನಗೆ ಬಂತು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅವನ್ನೇ ಓದಿ ಮೊದಲ ದರ್ಜೆಯಲ್ಲಿ ಪಾಸಾದೆ, ಬಿ.ಎಡ್. ಮಾಡಿದೆ, ನರಗುಂದದಲ್ಲಿ ಅಕ್ಕೋರಾದೆ. ಹದಿಮೂರು ವರ್ಷ ಆ ಓಣಿಯ ಕಡೆ ಕಾಲಿಡಲಿಲ್ಲ.

ಹೋದ ಶ್ರಾವಣದಲ್ಲಿ ನಾದಿನಿಯ ಮದುವೆಗೆ ಕೈಮಗ್ಗದ ಸೀರೆಯೇ ಬೇಕೆಂದು ಮನೆಯಲ್ಲಿ ಹಟ ಹಿಡಿದರು. ರೋಣದ ಮೇಲೆ ಹಾಯ್ದು ಗಜೇಂದ್ರಗಡಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬೇರೆ ಓಣಿಗೆ ಹೋಗುವುದೆಂದೇ ಇದ್ದೆ. ಗಂಜಿಯ ವಾಸನೆ ಬಂತು, ಕಾಲು ಅತ್ತ ತಿರುಗಿತು. ಮಗ್ಗದ ಸಪ್ಪಳ ಬಾಗಿಲಾಚೆಯಿಂದಲೇ ಕೇಳಿಸಿತು. ಈಗ ಅದು ಓಡುತ್ತಿರಲಿಲ್ಲ, ಒಂದೇ ಸಮ ಇತ್ತು. ಕಾಕೂ ಕೂತಿದ್ದಾಳೆ ಅಂದುಕೊಂಡು ಒಳಗೆ ಹೋದರೆ ಕಸ್ತೂರಿ.

"ಬರ್ರಿ ಅಕ್ಕೋರ" ಎಂದಳು, ನಗುತ್ತ. ಮೊನ್ನೆ ಮೊನ್ನೆ ಬಿಟ್ಟು ಹೋದವಳನ್ನು ಕರೆದ ಹಾಗೆ.

ಹೊಳೆ ಬಂದಾಗೊಮ್ಮೆ ಹೊಳೆಮಣ್ಣೂರಿನ ಮನೆಗೆ ನೀರು ನುಗ್ಗುತ್ತದಂತೆ. ಮಳೆಗಾಲದಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು ಮಗ್ಗಕ್ಕೆ ಕೂರುತ್ತಾಳೆ. ಕಾಕೂನ ಮೊಳಕಾಲು ಹೋಗಿವೆ, ಒಳಗೆ ಮಲಗಿದ್ದಳು. ಗೋಡೆಯ ಮೇಲೆ ಆ ಗಡಿಯಾರ ನಡೆಯುತ್ತಿತ್ತು. ಕಸ್ತೂರಿ ಚಹಾ ಮಾಡಿದಳು. ಗಂಡನ ಬಗ್ಗೆ ಕೇಳಿದೆ, "ಚಲೋ ಅದಾನ. ಒಂದ ದಿನ ಬೈದಿಲ್ಲ" ಎಂದಳು. ಮಗಳು ಓದಿನಲ್ಲಿ ಚುರುಕು ಎಂದಳು. ನಾದಿನಿಗೆಂದು ಸೀರೆ ತೋರಿಸಿದಳು, ಒಂದು ಆರಿಸಿದೆ. ಹಳೆಯ ಮಾತು ಒಂದೂ ಬರಲಿಲ್ಲ. ಇವಳಿಗೆ ಏನೂ ಗೊತ್ತಿಲ್ಲ, ಪಿನ್ನು ತಾನೇ ಮರೆತೆ ಅಂದುಕೊಂಡಿದ್ದಾಳೆ ಎಂದು ನನಗೆ ಮೆಲ್ಲಗೆ ಉಸಿರು ಬಂತು. ಎಂಥ ಹಗುರ ಅದು. ನಾಚಿಕೆಗೇಡಿನ ಹಗುರ.

ಹೊರಡುವಾಗ ಮಗ್ಗದ ಹಿಂದಿನಿಂದ ಇನ್ನೊಂದು ಸೀರೆ ತಂದಳು. ಕೆಂಪು ಒಡಲು, ಹಸಿರು ದಡ.

"ಇದು ಮಾರೂದಲ್ಲ. ನನಗಂತ ನಾ ನೇದಿದ್ದು. ಮೊದಲನೇದ್ದು" ಎಂದಳು. "ನಿನ್ನ ಕೈಗುಣ ಚಲೋ ಐತಿ. ಡಿಗ್ರಿ ಆತು, ಬಿ.ಎಡ್. ಆತು, ನೌಕರಿ ಆತು. ನೀ ಒಂದ ದಿನ ಉಟ್ಟು ಘಡಿ ಮುರಿದು ಕೊಡು."

ನನ್ನ ಕಣ್ಣು ತುಂಬಿ ಬಂದವು. "ನನಗ್ಯಾಕ ಕಸ್ತೂರಿ" ಎಂದೆ.

"ಮತ್ತ್ಯಾರಿಗಿ ಕೊಡ್ಲಿ? ಬಾ, ಮಗ್ಗದಿಂದ ಇಳಿಸಿ ಹಂಗ ಇಟ್ಟೇನಿ. ಹಿಡಿ, ಘಡಿ ಮಾಡಿ ಒಯ್ಯಿವಂತಿ."

ಸೀರೆಯನ್ನು ಪಡಸಾಲೆಯ ಉದ್ದಕ್ಕೆ ಬಿಚ್ಚಿದಳು. ನನ್ನ ಕಡೆ ಬಂದ ತುದಿಯನ್ನು ನಾನು ಹಿಡಿದೆ. ಸೆರಗು. ಜಗ್ಗುತ್ತಾಳೆ ಎಂದು ಕಾದೆ, ಜಗ್ಗಲಿಲ್ಲ. ಒಳತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ನಡೆದು ಬಂದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೆರಗು ತೆಗೆದುಕೊಂಡು, ಒಳತುದಿಯನ್ನು ನನ್ನ ಕೈಗಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದಿನದ ಕೆಲಸ ಮಾಡುವವಳ ಮುಖ ಅದು.

"ನೀ ಆ ಕಡೆ ಹೋಗು" ಎಂದಳು. "ಸೆರಗ ನಾ ಹಿಡಿತೇನಿ. ಹೋದ ಸಲ ನೀ ಹಿಡದಿದ್ದಿ."